ಹಾರದ ಗುಂಡಿಗೆ ಶಿಕ್ಷೆ

ಕದ್ದವನನ್ನು ಶಿಕ್ಷಿಸುವುದು ನ್ಯಾಯ. ಮುಂದೆ ಕದ್ದಾನೆಂಬ ಶಂಕೆಯಿಂದ ಶಿಕ್ಷಿಸುವುದು ಅನ್ಯಾಯ. ಇಷ್ಟು ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಹಾಗಿದ್ದರೆ, ಬೀರುವಿನಲ್ಲಿ ಒಂದು ಬಂದೂಕನ್ನು ಬಟ್ಟೆ ಸುತ್ತಿಟ್ಟುಕೊಂಡು, ಅದರಿಂದ ಒಂದು ಗುಬ್ಬಚ್ಚಿಗೂ ಗುರಿಯಿಡದೆ ತನ್ನ ಪಾಡಿಗೆ ತಾನು ಇದ್ದವನನ್ನು ಸೆರೆಮನೆಗೆ ಕಳುಹಿಸುವುದು ಯಾವ ಬಗೆಯ ನ್ಯಾಯ?

ನಮ್ಮ 1959ರ ಆಯುಧ ಕಾಯಿದೆ ಮಾಡುವುದು ಇದನ್ನೇ. 2019ರ ತಿದ್ದುಪಡಿಯಾದ ಮೇಲೆ, ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡವನಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗೆ ಹೋಗಬಹುದಾದ ಸೆರೆವಾಸ, ಮೇಲೆ ಜುಲ್ಮಾನೆ. ನಿಷೇಧಿತ ವರ್ಗದ ಆಯುಧವಾದರೆ ಏಳರಿಂದ ಹದಿನಾಲ್ಕು ವರ್ಷ. ಲೈಸೆನ್ಸು ಪಡೆದ ಸಾಮಾನ್ಯ ನಾಗರಿಕನೂ ಮೊದಲಿನಂತೆ ಮೂರು ಬಂದೂಕು ಇಡುವಂತಿಲ್ಲ, ಎರಡಕ್ಕೇ ತೃಪ್ತನಾಗಬೇಕು.

ಕಾನೂನು ಮನಸ್ಸನ್ನು ನೋಡುವುದೇ ಇಲ್ಲವೆಂದಲ್ಲ. ಆಯುಧ ಇರುವ ಅರಿವು ಇರಬೇಕು, ಅದು ತನ್ನ ಅಂಕೆಯಲ್ಲಿರಬೇಕು, ಆಗಲೇ ಅದನ್ನು ‘ಇಟ್ಟುಕೊಂಡ’ ಹಾಗಾಯಿತು ಎಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಹೇಳಿತು. ಆದರೆ ಅರಿತು ಇಟ್ಟುಕೊಂಡದ್ದಾದರೆ, ‘ಯಾರಿಗೂ ಕೇಡು ಬಗೆದಿರಲಿಲ್ಲ’ ಎಂಬ ಮಾತು ಅಪರಾಧವನ್ನು ತೊಡೆಯುವುದಿಲ್ಲ. ಮುಂಬಯಿಯ 1993ರ ಸ್ಫೋಟಗಳ ಮೊಕದ್ದಮೆಯಲ್ಲಿ ಹೆಸರಾಂತ ಹಿಂದೀ ಚಿತ್ರನಟರೊಬ್ಬರು ಸಂಚಿನ ಆರೋಪದಿಂದ ಪಾರಾದರೂ, ಆಯುಧ ಇಟ್ಟುಕೊಂಡ ತಪ್ಪಿಗೆ ಐದು ವರ್ಷದ ಶಿಕ್ಷೆ 2013ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಖಾಯಂ ಆಯಿತು. ಸಂಸಾರದ ರಕ್ಷಣೆಗೆಂದು ಇಟ್ಟುಕೊಂಡೆ ಎಂಬುದು ಅವರ ಸಮಜಾಯಿಷಿಯಾಗಿತ್ತು.

ಆ ಸಮಜಾಯಿಷಿಯನ್ನು ನಗೆಯಾಡಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಹೆಂಡತಿ ಮಕ್ಕಳಿಗಾಗಿ ಹೆದರುವುದು ಮನುಷ್ಯಸಹಜ. ಆದರೆ ಭಯಕ್ಕೆ ಒಂದು ದುರ್ಗುಣವಿದೆ. ಅದು ಗೋಡೆ ಹಾರಿ ಪಕ್ಕದ ಮನೆಗೆ ಹೋಗುತ್ತದೆ. ನನ್ನ ಭಯ ನೀಗಲೆಂದು ನಾನು ತಂದ ಬಂದೂಕು ನೆರೆಯವನ ನಿದ್ದೆ ಕೆಡಿಸುತ್ತದೆ. ಅವನೂ ಒಂದನ್ನು ತರುತ್ತಾನೆ. ಇಬ್ಬರೂ ಸಜ್ಜನರೇ, ಆದರೆ ಬೀದಿ ಮಾತ್ರ ರಣರಂಗವಾಯಿತು.

ನಮ್ಮ ಮನೆಯಲ್ಲಿ ಈಳಿಗೆಮಣೆಗಿಂತ ಹರಿತವಾದ ಆಯುಧವಿಲ್ಲ. ಈಳಿಗೆಯಿಂದಲೂ ಕೊಲೆ ನಡೆದೀತು. ಅದಕ್ಕೇಕೆ ಲೈಸೆನ್ಸಿಲ್ಲ ಎಂದು ಕೇಳುವವರುಂಟು. ಈಳಿಗೆ ಹುಟ್ಟಿದ್ದು ಹುರುಳಿಕಾಯಿಗಾಗಿ. ಅದನ್ನು ಹಿಡಿದು ಹೊರಟ ಸಿಟ್ಟಿನವನು ಎದುರಾಳಿಯ ಬಳಿಗೆ ನಡೆದು ಹೋಗಬೇಕು. ಆ ಹತ್ತು ಹೆಜ್ಜೆಯಲ್ಲಿ ಯಾರಾದರೂ ಕೈ ಹಿಡಿದಾರು, ಅವನ ಮನಸ್ಸೇ ತಿರುಗೀತು. ಬಂದೂಕು ಆ ಹತ್ತು ಹೆಜ್ಜೆಯನ್ನು ನುಂಗಿಬಿಡುತ್ತದೆ. ಕೋಪಕ್ಕೂ ಪಶ್ಚಾತ್ತಾಪಕ್ಕೂ ನಡುವೆ ಇರಬೇಕಾದ ಎಡೆಯನ್ನು ಕಾಯುವುದೇ ಈ ಕಾಯಿದೆಯ ನೈತಿಕ ಆಧಾರವೆಂದು ನನಗೆ ತೋರುತ್ತದೆ.

ಇಷ್ಟಕ್ಕೆ ನಿಲ್ಲಿಸಬಹುದಾಗಿತ್ತು, ಹಲಗಲಿಯ ನೆನಪು ಬಾರದಿದ್ದರೆ. ಇಂದಿನ ಬಾಗಲಕೋಟೆ ಜಿಲ್ಲೆಯ ಆ ಊರಿನ ಬೇಡರು 1857ರಲ್ಲಿ ಮಾಡಿದ ‘ಅಪರಾಧ’ವೂ ಇದೇ ಅಲ್ಲವೆ? ಆಯುಧಗಳನ್ನು ಒಪ್ಪಿಸಿರೆಂದು ಸರ್ಕಾರ ಆಜ್ಞೆ ಮಾಡಿತು. ಬೇಟೆಯೇ ಬದುಕಾಗಿದ್ದವರು ಒಲ್ಲೆವೆಂದರು. ದಂಡು ಬಂತು, ಊರು ಸುಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. ಅವರನ್ನು ನಾವು ಲಾವಣಿಯಲ್ಲಿ ವೀರರೆಂದು ಹಾಡುತ್ತೇವೆ. ಇತ್ತ ಕೊಡಗಿನವರಿಗೆ 1861ರಲ್ಲಿ ಅದೇ ಸರ್ಕಾರ ರಾಜನಿಷ್ಠೆಯನ್ನು ಮೆಚ್ಚಿ ಆಯುಧ ನಿರ್ಬಂಧದಿಂದ ವಿನಾಯಿತಿ ಕೊಟ್ಟಿತು. ಆಗಿನ ತಕ್ಕಡಿಯಲ್ಲಿ ತೂಗುತ್ತಿದ್ದುದು ಒಂದೇ: ಇವನು ನಮ್ಮವನೋ, ಅಲ್ಲವೋ? 1878ರ ಕಾಯಿದೆಯೂ ಅದೇ ತಕ್ಕಡಿ. ಬಿಳಿಯರಿಗೆ ಸಡಿಲು, ನಮಗೆ ಬಿಗಿ. ಅಹಿಂಸೆಯ ಮೂರ್ತಿಯಾದ ಗಾಂಧೀಜಿಯೇ 1918ರ ಕರಪತ್ರವೊಂದರಲ್ಲಿ, ಬ್ರಿಟಿಷ್ ಆಳ್ವಿಕೆಯ ದುಷ್ಕೃತ್ಯಗಳಲ್ಲೆಲ್ಲ ಜನರನ್ನು ನಿರಾಯುಧರನ್ನಾಗಿಸಿದ ಕಾಯಿದೆಯೇ ಕರಾಳವಾದುದೆಂದರು. 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೊಳಪಟ್ಟು ಆಯುಧ ಹೊಂದುವುದು ನಾಗರಿಕನ ಹಕ್ಕೆಂದು ಸಾರಿತು.

ಹಾಗಿದ್ದೂ ಸ್ವಾತಂತ್ರ್ಯ ಬಂದಮೇಲೆ ಆ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ. 1948ರ ಡಿಸೆಂಬರಿನಲ್ಲಿ ಎಚ್. ವಿ. ಕಾಮತರು ಸಂವಿಧಾನ ಸಭೆಯಲ್ಲಿ ಅದನ್ನು ಸೇರಿಸಲು ಸೂಚಿಸಿದಾಗ ಡಾಕ್ಟರ್ ಅಂಬೇಡ್ಕರರು ಒಪ್ಪಲಿಲ್ಲ. ನಾವು ಒತ್ತಿ ಹೇಳಬೇಕಾದದ್ದು ಆಯುಧ ಹಿಡಿಯುವ ವ್ಯಕ್ತಿಯ ಹಕ್ಕನ್ನಲ್ಲ, ಸಂದರ್ಭ ಬಂದರೆ ದೇಶರಕ್ಷಣೆಗಾಗಿ ಹಿಡಿಯಬೇಕಾದ ಕರ್ತವ್ಯವನ್ನು ಎಂಬುದು ಅವರ ವಾದ. ಸೂಚನೆ ಬಿದ್ದುಹೋಯಿತು.

ಪರರು ಮಾಡಿದಾಗ ಕರಾಳವಾದದ್ದು ನಾವು ಮಾಡಿದಾಗ ಬೆಳ್ಳಗಾಯಿತೆ? ಬರಿಯ ಕೈ ಬದಲಾದದ್ದರಿಂದ ಆಗಲಿಲ್ಲ. ಪರಕೀಯ ಸರ್ಕಾರ ಆಯುಧ ಕಿತ್ತುಕೊಂಡದ್ದು ತನ್ನ ರಕ್ಷಣೆಗೆ. ಪ್ರಜಾರಾಜ್ಯದಲ್ಲಿ ನಾವು ಆಯುಧ ಕೆಳಗಿಡುವುದು ಒಬ್ಬರಿಗೊಬ್ಬರು ಕೊಟ್ಟ ಭಾಷೆಯಿಂದ. ಆದರೆ ಭಾಷೆಗೆ ಎರಡು ತುದಿಗಳಿವೆ. ನಿನ್ನನ್ನು ನೀನು ಕಾಯಬೇಡ, ನಾನು ಕಾಯುತ್ತೇನೆ ಎಂದ ಸರ್ಕಾರ ಕಾಯಬೇಕು. ಒಂಟಿ ಮನೆಯ ಮುದುಕಿ ಕೂಗಿದರೆ ಪೋಲೀಸಿನವನು ಬರಬೇಕು; ಕಾಡಂಚಿನ ರೈತನ ಪೈರನ್ನು ಹಂದಿ ಆನೆಗಳು ತುಳಿದರೆ ಅವನ ಲೈಸೆನ್ಸಿನ ಅರ್ಜಿ ಕಚೇರಿಯ ಮೇಜಿನ ಮೇಲೆ ಮುಪ್ಪಾಗಬಾರದು. ಶ್ರೀಮಂತನ ಮದುವೆಯ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜೀವಗಳಿಗೆ ಅಪಾಯ ತಂದವನಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗಿನ ಸೆರೆ, ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ಆ ಕಲಮು ಅವನಿಗೂ ತಗಲಬೇಕು, ನಾಡಕೋವಿಯ ಬಡವನಿಗೆ ಬೇರೆ ಕಲಮುಗಳು ತಗಲಿದಷ್ಟೇ ಬಿಗಿಯಾಗಿ.

ಕೊಡಗಿನ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸು ಬೇಡ. ಹುಟ್ಟಿನಿಂದ ಬಂದ ನಂಬಿಕೆ ಸಮಾನತೆಗೆ ಒಗ್ಗುವುದೇ ಎಂಬ ಪ್ರಶ್ನೆ ನನ್ನಲ್ಲಿ ಇನ್ನೂ ತೀರಿಲ್ಲ. ಆದರೂ ಅಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವವರನ್ನು ನೆನೆದಾಗ ಒಂದು ಮಾತು ಹೊಳೆಯುತ್ತದೆ: ಕೈಯಲ್ಲಿ ಆಯುಧವಿದ್ದವನನ್ನು ತಡೆಯುವುದು ಸೆರೆಮನೆಯ ಹೆದರಿಕೆಗಿಂತ ಹೆಚ್ಚಾಗಿ ಊರು ಕಲಿಸಿದ ಕಟ್ಟುಪಾಡು. ಆ ಕಟ್ಟುಪಾಡು ಸಡಿಲಿದ ಕಡೆ ಕಾನೂನು ವರ್ಷಗಳನ್ನು ಎಣಿಸುತ್ತದೆ: ಎರಡು, ಐದು, ಹದಿನಾಲ್ಕು. ಆ ಎಣಿಕೆ ಏರುತ್ತಾ ಹೋಗುವುದು ಕಾನೂನಿನ ಬಲವನ್ನು ತೋರಿಸುತ್ತದೆಯೋ, ನಮ್ಮೊಳಗಿನ ನಂಬಿಕೆ ಇಳಿದದ್ದನ್ನು ತೋರಿಸುತ್ತದೆಯೋ, ಓದುಗರೇ ಯೋಚಿಸಲಿ.