ಚಾತುರ್ಮಾಸ್ಯದಲ್ಲಿ ನಾವು ಬಿಟ್ಟದ್ದು

ಪ್ರಥಮೈಕಾದಶಿ ಕಳೆದು ನಾಲ್ಕು ತಿಂಗಳು ಕ್ರಮವಾಗಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ವರ್ಜಿಸುವ ವ್ರತ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಅದರಿಂದ ನಾಲಿಗೆಯ ಚಾಪಲ್ಯ ಅಡಗುವುದೆಂದು ಹಿರಿಯರು ಹೇಳುತ್ತಿದ್ದರು. ಈಗ ಬೆರಳಿಗೂ ಒಂದು ಚಾಪಲ್ಯ ಅಂಟಿಕೊಂಡಿದೆ. ಕಳೆದ ಚಾತುರ್ಮಾಸ್ಯದಲ್ಲಿ ನಾವು ವಾಟ್ಸಾಪನ್ನೂ ವರ್ಜಿಸಿದೆವು. ಇದಕ್ಕೆ ಶಾಸ್ತ್ರವಚನವೇನೂ ಇಲ್ಲ.

ಅದಕ್ಕೆ ಕೆಲವು ತಿಂಗಳ ಹಿಂದೆ ಹರಪನಹಳ್ಳಿಯಲ್ಲಿ ನಮ್ಮ ಸೋದರಮಾವನವರು ತೀರಿಕೊಂಡಿದ್ದರು. ಸುದ್ದಿ ಬಂಧುಗಳ ಗುಂಪಿನಲ್ಲಿ ಬಂದಿತು. ಅದರ ಕೆಳಗೇ ಯಾರೋ ಶುಭೋದಯದ ತಾವರೆಯನ್ನು ಹಾಕಿದ್ದರು. ನಾವೂ ಕೈಮುಗಿದ ಚಿತ್ರವೊಂದನ್ನು ಒತ್ತಿ ಕೆಲಸಕ್ಕೆ ಹೊರಟೆವು. ಕೂಡ್ಲಿಗಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿ ಎಷ್ಟು ದೂರ? ಹದಿಮೂರು ದಿನಗಳಲ್ಲಿ ಒಂದು ದಿನವೂ ಹೋಗಲಿಲ್ಲ. ಮುಂದೆ ಒಂದು ಮುಂಜಿಯಲ್ಲಿ ಅತ್ತೆಯವರು ಸಿಕ್ಕಾಗ, ಸಂದೇಶ ಕಳುಹಿಸಿದ್ದೆವೆಂದು ತಡವರಿಸಿದೆವು. ಅವರು ಸಿಟ್ಟಾಗಲಿಲ್ಲ. "ನೂರಾರು ಕೈ ಮುಗಿದಿದ್ವಪ್ಪಾ. ಅದರಾಗ ನಿನ್ನ ಕೈ ಯಾವುದಂತ ನನಗ ಗೊತ್ತಾಗಲಿಲ್ಲ" ಎಂದರು.

ಪಾಠಶಾಲೆಯಲ್ಲಿ ಪಂಚಭೇದವನ್ನು ಕಂಠಪಾಠ ಮಾಡಿದವರು ನಾವು. ಜೀವ ಜೀವಕ್ಕೂ ಭೇದವುಂಟು, ಒಬ್ಬರಂತೆ ಇನ್ನೊಬ್ಬರಿಲ್ಲ ಎಂದು ಒಪ್ಪಿದವರು ಇನ್ನೂರು ಮಂದಿಗೆ ಒಂದೇ ತಾವರೆಯನ್ನು ಹೇಗೆ ಕಳುಹಿಸುತ್ತೇವೆ? ಅಂಚೆಯ ಕಾರ್ಡೂ ದೂರದಿಂದಲೇ ಬರುತ್ತಿತ್ತಲ್ಲ ಎಂದು ಕೇಳಬಹುದು. ಬರುತ್ತಿತ್ತು, ಒಬ್ಬರ ಹೆಸರು ಹೊತ್ತು. ಬಂದ ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಬಾರದೆಂದು ಆ ಸಂಸ್ಥೆಯೇ 2018ರಲ್ಲಿ ನಮ್ಮ ದೇಶದಲ್ಲಿ ಮಿತಿ ಹಾಕಿತು. ಆದರೆ 2022ರಲ್ಲಿ ಒಂದೊಂದು ಗುಂಪಿಗೆ 1024 ಮಂದಿಯನ್ನು ಸೇರಿಸಲು ಅವಕಾಶವಾಯಿತು. ಸಾವಿರ ಮಂದಿಯ ನಡುವೆ ಆಡಿದ ಸಾಂತ್ವನ ಯಾರದು, ಯಾರಿಗೆ?

ಯಂತ್ರವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. 2020ರಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದಾಗ ಮುದುಕರ ಮುಖ ಕಂಡದ್ದು ಅದರಲ್ಲಿಯೇ. ತಿಥಿನಿರ್ಣಯ, ಆರಾಧನೆಯ ಸೂಚನೆಗಳಿಗೆ ಅದು ಬೇಕು. ಅದಕ್ಕಾಗಿ ಉತ್ಥಾನದ್ವಾದಶಿಯ ನಂತರ ನಾವೂ ಮರಳಿ ಸೇರಿದ್ದೇವೆ.

ವ್ರತದ ಮೊದಲ ವಾರ ದೇವರ ಪಾತ್ರೆ ಬೆಳಗುವಾಗಲೂ ಕೈ ಫೋನನ್ನು ಹುಡುಕುತ್ತಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಹಗರಿಬೊಮ್ಮನಹಳ್ಳಿಯ ಒಂದು ಸೀಮಂತದ ಕರೆ ತಿಳಿಯದೆ ತಪ್ಪಿತು. ಅವರು ಅದನ್ನು ನಮ್ಮ ಗರ್ವವೆಂದು ಭಾವಿಸಿದರು. ರಾಯರ ಆರಾಧನೆಗೆ ಕರೆಯಲು ಈ ಬಾರಿ ಅಕ್ಷತೆ ಹಿಡಿದು ಮನೆಮನೆಗೆ ಹೋದೆವು. ಹಡಗಲಿಯಲ್ಲಿ ಒಬ್ಬರು ಮಲ್ಲಿಗೆ ಕಟ್ಟಿಕೊಟ್ಟು ಮಗನ ಮೇಲೆ ದೂರು ಹೇಳಿದರು. ಕೊಟ್ಟೂರಿನಲ್ಲಿ ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿ ಕಳುಹಿಸಿದರು. ಅದೂ ಸರಿಯೇ, ಎರಡು ವರ್ಷ ಇತ್ತ ಸುಳಿಯದವರಿಗೆ ಮಣೆ ಹಾಕಬೇಕೆಂದು ಯಾವ ನಿಯಮ?

ಕೊನೆಗೆ ಹರಪನಹಳ್ಳಿ. ಅತ್ತೆಯವರು ಹೂಬತ್ತಿ ಹೊಸೆಯುತ್ತ ಭೀಮವ್ವನವರ ಹಾಡೊಂದನ್ನು ಗುನುಗುತ್ತಿದ್ದರು. 1903ರಲ್ಲಿ ಹರಿಪಾದ ಸೇರಿದ ಆ ತಾಯಿಯ ಹಾಡುಗಳು ನಮ್ಮ ಹೆಂಗಸರಲ್ಲಿ ಹೀಗೆಯೇ ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ಬಾಯಿಂದ ಬಾಯಿಗೆ ಬಂದಂಥವು. ಎರಡನೆಯ ನುಡಿಗೆ ಅತ್ತೆಯವರು ಮರೆತು ನಿಂತರು. ಫೋನಿನಲ್ಲಿ ಹುಡುಕಿದ್ದರೆ ಸಿಗುತ್ತಿತ್ತೇನೋ, ನಾವು ಹುಡುಕಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಇದನ್ನ ನಿಮ್ಮ ಮಾವನವರು ಎತ್ತಿಕೊಡ್ತಿದ್ರು" ಎಂದು, ಅವರ ಕಡೆಯ ದಿನಗಳ ವಿಷಯವನ್ನು ಹೇಳತೊಡಗಿದರು. ಕಡೆಯ ಬಸ್ಸು ಹೋದದ್ದು ನಮಗೆ ತಿಳಿಯಲಿಲ್ಲ.