ಯಾರಿಗೆ ಹೇಳಿದ ಮಾತು, ಯಾರ ತಲೆಗೆ?

ಶಾಸ್ತ್ರದ ಏಟು ನಮಗೆ ಹೊಸತಲ್ಲ. ಶಂಬೂಕನ ಕುತ್ತಿಗೆಗೆ ಕತ್ತಿ ಬೀಳುವ ಮೊದಲು ಅವನ ತಪಸ್ಸು ಅಧರ್ಮ ಅನ್ನುವ ಮಾತು ಬಿತ್ತು. ಆ ಮಾತು ಎಲ್ಲಿ ಬರೆದಿದೆ, ಯಾರು ಬರೆದರು ಅಂತ ಕೇಳುವ ಹಕ್ಕು ಅವನಿಗಿರಲಿಲ್ಲ. ನಮ್ಮ ಅಜ್ಜಂದಿರಿಗೂ ಇರಲಿಲ್ಲ. ಪುಸ್ತಕ ಅವರ ಕೈಯಲ್ಲಿ, ಬೆನ್ನು ನಮ್ಮದು. ಆದರೆ ನಮ್ಮಲ್ಲೇ ಕೆಲವರು ಕ್ರೈಸ್ತರಾದರು, ಒಂದು ಪುಸ್ತಕವನ್ನು ತಮ್ಮ ಕೈಗೇ ತೆಗೆದುಕೊಂಡರು. ಆ ಮೇಲಾದರೂ ಅವರ ಬೆನ್ನಿಗೆ ಶಾಸ್ತ್ರದ ಏಟು ಬೀಳುವುದು ನಿಂತಿತೇ? ನಿಂತಿಲ್ಲ ಅಂತ ನಮಗೆ ಗೊತ್ತಾದದ್ದು ಮಂಗಳೂರಿನಲ್ಲಿ, ಒಂದು ಮನೆಯ ಜಗಲಿಯಲ್ಲಿ.

ಆ ಮನೆಯ ಅಕ್ಕ ಬೀಡಿ ಕಟ್ಟಿ ಬದುಕುವವರು. ಗಂಡ ತೀರಿಹೋಗಿದ್ದಾರೆ. ಎರಡು ತಲೆಮಾರಿನ ಹಿಂದೆ ಕ್ರೈಸ್ತ ಸಭೆಗೆ ಸೇರಿದ ದಲಿತ ಮನೆತನ. ಸಭೆಯ ಕೂಟವೊಂದರಲ್ಲಿ ಅವರು ಎದ್ದು ನಿಂತು, ನಮ್ಮ ಕೇರಿಯಲ್ಲಿ ಸತ್ತವರಿಗೆ ಮಾತ್ರ ಸ್ಮಶಾನದ ಮೂಲೆಯ ಕೆಸರಿನ ಜಾಗ ಯಾಕೆ ಅಂತ ಕೇಳಿದರಂತೆ. ಯಾರೂ ಉತ್ತರ ಕೊಡಲಿಲ್ಲ. ಮುಂದಿನ ಭಾನುವಾರ ಹಿರಿಯರೊಬ್ಬರು ಬಾಗಿಲಲ್ಲೇ ತಡೆದು, ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಪ್ರಭುಭೋಜನಕ್ಕೆ ಬರಬಾರದು, ಯೋಗ್ಯತೆ ಇಲ್ಲದೆ ಆ ರೊಟ್ಟಿ ಮುಟ್ಟಿದವರಿಗೆ ಶಿಕ್ಷೆ ಅಂತ ಪೌಲನೇ ಬರೆದಿಟ್ಟಿದ್ದಾನೆ ಅಂದರಂತೆ. ಆಮೇಲೆ ಮೂರು ವರ್ಷ ಅಕ್ಕ ಆ ಮೇಜಿನ ಹತ್ತಿರ ಹೋಗಿಲ್ಲ. ಆರಾಧನೆಗೆ ಹೋಗುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಉಳಿದವರು ಎದ್ದು ಮುಂದೆ ಹೋಗುವಾಗ ತಲೆ ತಗ್ಗಿಸುತ್ತಾರೆ. 'ಎಂಕ್ ಯೋಗ್ಯತೆ ಇಜ್ಜಿಗೆ ಮಾಸ್ಟ್ರೇ' ಅಂದರು. ನನಗೆ ಯೋಗ್ಯತೆ ಇಲ್ಲವಂತೆ. ಕೈ ಮಾತ್ರ ಗೆರಸೆಯ ಮೇಲೆ ಎಲೆ ಸುತ್ತುತ್ತಲೇ ಇತ್ತು.

ಈ ಸಂಗತಿ ಹೇಳಿದಾಗ ನಮ್ಮ ಗೆಳೆಯರಲ್ಲೇ ಕೆಲವರು ರೇಗಿದರು. ಯಾರದೋ ಪುಸ್ತಕವನ್ನು ತೊಳೆದು ಶುದ್ಧ ಮಾಡುವ ಕೆಲಸ ನಮಗ್ಯಾಕೆ? ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು, ಅದಕ್ಕೆ ಟಿಪ್ಪಣಿ ಬರೆಯುತ್ತ ಕೂರಲಿಲ್ಲ ಅಂದರು. ಮಾತು ನಿಜ. ಆದರೆ ಆ ಅಕ್ಕನಿಗೆ 'ಪುಸ್ತಕ ಬಿಡು, ಇಂಥ ಸಭೆ ಯಾಕೆ' ಅನ್ನುವುದು ನಮಗೆ ಸುಲಭ. ಅವರ ತಾಯಿ ಅಕ್ಷರ ಕಲಿತದ್ದು ಅದೇ ಪುಸ್ತಕದಲ್ಲಿ, ಗಂಡನನ್ನು ಮಣ್ಣು ಮಾಡಿದ್ದು ಅದೇ ಸ್ಮಶಾನದ ಕೆಸರಿನಲ್ಲಿ. ಅವರು ಅದನ್ನು ಬಿಡುವುದಿಲ್ಲ. ಹಾಗಾದರೆ ಅವರನ್ನು ಹೊಡೆದ ಕೋಲು ಎಲ್ಲಿಂದ ಬಂತು ಅಂತ ನೋಡುವ ಕೆಲಸವಾದರೂ ನಾವು ಮಾಡಬೇಕಲ್ಲ?

ನೋಡಿದೆವು. ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, ಹನ್ನೊಂದನೇ ಅಧ್ಯಾಯ. ಕೊರಿಂಥವೂ ಮಂಗಳೂರಿನ ಹಾಗೆ ಬಂದರು ಪಟ್ಟಣ, ವ್ಯಾಪಾರಿಗಳೂ ಕೂಲಿಗಳೂ ಗುಲಾಮರೂ ಸೇರಿದ ಊರು. ಅಲ್ಲಿನ ಸಭೆಯವರು ಒಟ್ಟಿಗೆ ಕೂತು ಉಣ್ಣುವ ಹೊತ್ತಿನಲ್ಲಿ ಏನಾಗುತ್ತಿತ್ತೆಂದು ಪತ್ರಿಕೆಯೇ ಹೇಳುತ್ತದೆ. ಪ್ರತಿಯೊಬ್ಬನೂ ತನ್ನದನ್ನು ತಾನು ಮುಂಚೆಯೇ ತಿಂದು ಮುಗಿಸುತ್ತಾನೆ. ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಅಮಲಿನಲ್ಲಿದ್ದಾನೆ. ಪೌಲನಿಗೆ ಸಿಟ್ಟು ಬಂದದ್ದು ಇದಕ್ಕೆ. ತಿನ್ನಲು ಕುಡಿಯಲು ನಿಮಗೆ ಮನೆಗಳಿಲ್ಲವೇ, ಏನೂ ಇಲ್ಲದವರ ಮಾನ ಕಳೆಯುತ್ತೀರಾ ಅಂತ ಗದರಿಸುತ್ತಾನೆ. ಯೋಗ್ಯತೆಯ ಮಾತು ಬರುವುದು ಈ ಗದರಿಕೆಯ ಬೆನ್ನಿಗೇ. ಕೊನೆಗೆ ಹೇಳುವುದೇನು? ಉಣ್ಣಲು ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ ಅಂತ. ಅಂದರೆ ಅಲ್ಲಿ ಅಯೋಗ್ಯರು ಯಾರು? ಬಡವರ ತಟ್ಟೆ ಖಾಲಿಯಿರುವಾಗ ತಾವು ಉಂಡು ತೇಗಿದವರು. ಅವರ ತಲೆಗೆ ಎತ್ತಿದ ಕೋಲು ಎರಡು ಸಾವಿರ ವರ್ಷ ತಿರುಗಿ ತಿರುಗಿ, ಮಂಗಳೂರಿನ ಬೀಡಿ ಕಟ್ಟುವ ಹೆಂಗಸಿನ ತಲೆಗೆ ಬಂದು ಬಿತ್ತು!

ಮೇಲಕ್ಕೆ ಹೇಳಿದ ಮಾತನ್ನು ಕೆಳಕ್ಕೆ ತಿರುಗಿಸುವ ಈ ಕೈಚಳಕವನ್ನು ಒಮ್ಮೆ ಕಂಡರೆ ಆಮೇಲೆ ಎಲ್ಲೆಲ್ಲೂ ಕಾಣುತ್ತದೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ತನ್ನ ಬದುಕಿನ ಕಥೆ ಪ್ರಕಟಿಸಿದ. ಅವನ ಧಣಿ ಒಬ್ಬ ಕುಂಟ ಹುಡುಗಿಯನ್ನು ಕಟ್ಟಿಹಾಕಿ ರಕ್ತ ಬರುವ ಹಾಗೆ ಚಾಟಿಯಿಂದ ಹೊಡೆಯುತ್ತಿದ್ದ, ಹೊಡೆಯುವಾಗ ಬೈಬಲ್ಲಿನ ವಾಕ್ಯ ಹೇಳುತ್ತಿದ್ದ. ಒಡೆಯನ ಇಷ್ಟ ಗೊತ್ತಿದ್ದೂ ನಡೆಸದ ಆಳಿಗೆ ಬಹಳ ಪೆಟ್ಟು ಬೀಳುತ್ತದೆ ಅನ್ನುವ ವಾಕ್ಯ ಅದು, ಲೂಕನ ಪುಸ್ತಕದ ಹನ್ನೆರಡನೇ ಅಧ್ಯಾಯದ್ದು. ಎರಡೇ ವಾಕ್ಯ ಹಿಂದೆ ಹೋಗಿ ನೋಡಿ. ಯೇಸು ಹೇಳುತ್ತಿರುವುದು ಮನೆಯ ಮೇಲ್ವಿಚಾರಣೆಗೆ ಇಟ್ಟ ಆಳಿನ ಕಥೆ. ಒಡೆಯ ಬರಲು ತಡವಾಗುತ್ತದೆ ಅಂದುಕೊಂಡು ಆತ ಕೈಕೆಳಗಿನ ಗಂಡಾಳು ಹೆಣ್ಣಾಳುಗಳನ್ನು ಹೊಡೆಯಲು ಸುರುಮಾಡುತ್ತಾನೆ. ಶಿಕ್ಷೆಯ ಮಾತು ಬರುವುದು ಅವನಿಗೆ! ಹೊಡೆಯುವವನಿಗೆ ಹೇಳಿದ ವಾಕ್ಯವನ್ನೇ ಬಾಯಲ್ಲಿಟ್ಟುಕೊಂಡು ಆ ಧಣಿ ಹೊಡೆಯುತ್ತಿದ್ದ.

1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚಾಯಿತು. ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಹೊರಟ ಕಥೆ ಅದರಲ್ಲಿಲ್ಲ. ಆಳುಗಳು ವಿಧೇಯರಾಗಿರಬೇಕು ಅನ್ನುವ ಮಾತು ಭದ್ರವಾಗಿದೆ. ಅವರಾದರೂ ಒಂದು ಲೆಕ್ಕದಲ್ಲಿ ಪ್ರಾಮಾಣಿಕರು ಮಾರಾಯ್ರೇ, ಕತ್ತರಿ ಹಾಕಿದ್ದು ಅಚ್ಚಿನಲ್ಲೇ ಕಾಣುತ್ತದೆ. ನಮ್ಮ ಕಡೆ ಪುಸ್ತಕ ಇಡಿಯಾಗಿಯೇ ಉಂಟು, ಕತ್ತರಿ ಇರುವುದು ಓದುವವರ ಬಾಯಲ್ಲಿ.

ಮಂಗಳೂರಿನಲ್ಲಿ ಈ ಕತ್ತರಿಗೆ ಎಷ್ಟು ಬಲವಿತ್ತು ಅಂತ ತಿಳಿಯಲು ಸ್ವಲ್ಪ ಇತಿಹಾಸ ಬೇಕು. ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಬಲ್ಮಠದಲ್ಲಿ ಮುದ್ರಣಾಲಯ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. ಅಕ್ಷರ ಮುಟ್ಟಲು ಬಿಡದ ನಾಡಿನಲ್ಲಿ ಇದು ಸಣ್ಣ ಕೆಲಸ ಅಲ್ಲ, ಜಾತಿ ಬಿಟ್ಟು ಬನ್ನಿ ಅಂತ ಅವರು ಖಂಡಿತವಾಗಿ ಹೇಳಿದ್ದೂ ಸಣ್ಣದಲ್ಲ. ಆದರೆ ಜಾತಿಯ ಕಸುಬನ್ನೂ ನೆಲೆಯನ್ನೂ ಬಿಟ್ಟು ಬಂದವನಿಗೆ ಪುಸ್ತಕ ಕೊಡುವವರು, ಕಾರ್ಖಾನೆಯಲ್ಲಿ ಕೂಲಿ ಕೊಡುವವರು, ತಪ್ಪು ಮಾಡಿದ ಅಂತ ಪ್ರಭುಭೋಜನದಿಂದ ಹೊರಗಿಡುವವರು ಎಲ್ಲ ಒಂದೇ ಮಿಷನ್. ಅನ್ನ, ಅಕ್ಷರ, ತೀರ್ಪು ಮೂರೂ ಒಂದೇ ಕೈಯಲ್ಲಿರುವಾಗ ಒಂದು ವಾಕ್ಯದ ತೂಕ ಎಷ್ಟಾಗುತ್ತದೆ ಯೋಚಿಸಿ. ಎದುರು ಮಾತಾಡಿದರೆ ಮೂರೂ ಹೋಗುತ್ತದೆ. ಕ್ಯಾಥೊಲಿಕರ ಕಥೆ ಬೇರೆ. ಬಾಮಣ, ಚಾರೋಡಿ, ಸೂದಿರ್ ಅಂತ ಜಾತಿ ಅಲ್ಲಿಗೂ ಜೊತೆಗೇ ಬಂತು. 1960ರ ದಶಕದ ಎರಡನೇ ವ್ಯಾಟಿಕನ್ ಪರಿಷತ್ತಿನ ತನಕ ಪೂಜೆ ಲ್ಯಾಟಿನ್ನಿನಲ್ಲಿ ನಡೆಯಿತು. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದನ್ನು ಪರೀಕ್ಷಿಸುವುದು ಹೇಗೆ? ಸಂಸ್ಕೃತದ ಮುಂದೆ ಕೂತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಕ್ಯವನ್ನು ಎಲ್ಲಿ ನಿಲ್ಲಿಸಿದರು ಅನ್ನುವುದನ್ನೂ ನೋಡಬೇಕು. ಆ ಪುಸ್ತಕದ ಪ್ರಕಾರವೇ, ಯೇಸುವಿನ ಎದುರು ನಿಂತು ಶಾಸ್ತ್ರ ಹೇಳಿದವರಲ್ಲಿ ಸೈತಾನನೂ ಒಬ್ಬ. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂತ ತೊಂಬತ್ತೊಂದನೇ ಕೀರ್ತನೆಯನ್ನು ಉದ್ಧರಿಸುತ್ತಾನೆ. ಅದರ ಮುಂದಿನ ವಾಕ್ಯದಲ್ಲೇ ಸರ್ಪವನ್ನು ಕಾಲಲ್ಲಿ ತುಳಿಯುವ ಮಾತುಂಟು. ಅಲ್ಲಿಗೆ ಬರುವ ಮೊದಲೇ ಆಸಾಮಿ ಬಾಯಿ ಮುಚ್ಚುತ್ತಾನೆ. ಬಡವರು ಯಾವಾಗಲೂ ಇರುತ್ತಾರೆ ಅಂತ ಯೇಸುವೇ ಹೇಳಿದ್ದಾನಲ್ಲ, ಸಂಘ ಕಟ್ಟಿ ಏನು ಪ್ರಯೋಜನ ಅಂತ ನಮ್ಮ ಹತ್ತಿರ ವಾದಿಸಿದವರು ಇದ್ದಾರೆ. ಮಾರ್ಕನ ಪುಸ್ತಕದಲ್ಲಿ ಆ ವಾಕ್ಯದ ಬಾಲದಲ್ಲೇ ಮನಸ್ಸು ಬಂದಾಗ ಅವರಿಗೆ ಒಳ್ಳೆಯದು ಮಾಡಬಹುದು ಅಂತಿದೆ. ಅದರ ಬೇರು ಇರುವ ಧರ್ಮೋಪದೇಶಕಾಂಡದ ಹದಿನೈದನೇ ಅಧ್ಯಾಯ ಸುರುವಾಗುವುದೇ ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ ಮಾಡಬೇಕೆಂಬ ಕಟ್ಟಳೆಯಿಂದ, ಬಡವರು ಇರುತ್ತಾರೆ ಆದ್ದರಿಂದ ಕೈ ಬಿಚ್ಚು ಅನ್ನುವುದು ಅಲ್ಲಿನ ಆಜ್ಞೆ. ವ್ಯಭಿಚಾರದಲ್ಲಿ ಸಿಕ್ಕಿದಳು ಅಂತ ಹೆಂಗಸನ್ನು ಎಳೆದು ತಂದವರೂ ಹಾಗೇ. ಮೋಶೆಯ ಕಾನೂನು ಗಂಡು ಹೆಣ್ಣು ಇಬ್ಬರಿಗೂ ಶಿಕ್ಷೆ ಹೇಳುತ್ತದೆ. ಗಂಡಸು ಎಲ್ಲಿದ್ದ?

ನೊಂದವರ ಮೇಲೆ ನೋವಿನದೇ ಅಪರಾಧ ಹೊರಿಸುವುದು ಇನ್ನೊಂದು ಬಗೆ. ಮಗುವಿಗೆ ಕಾಯಿಲೆ ಬಂದರೆ ತಾಯಿಯ ಪಾಪ, ಕೆಲಸ ಹೋದರೆ ವಿಶ್ವಾಸ ಕಮ್ಮಿ. ಇದು ನಮ್ಮ ಪೂರ್ವಜನ್ಮದ ಕರ್ಮದ ಲೆಕ್ಕವೇ, ಅಂಗಿ ಮಾತ್ರ ಬೇರೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಮಿಲಾಗ್ರಿಸ್ ಬಳಿಯ ಆಡೊರೇಶನ್ ಮೊನಾಸ್ಟರಿಗೆ ನುಗ್ಗಿ ಶಿಲುಬೆ ಒಡೆದರು, ಬೇರೆ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಯಾಯಿತು. ಆ ವಾರ ಹೊರಗಿನವರ ದ್ವೇಷದ ಮಾತಿಗಿಂತ ನಮಗೆ ಹೆಚ್ಚು ಚುಚ್ಚಿದ್ದು, ಕ್ರೈಸ್ತರೇ ಕೆಲವರು ಇದು ದೇವರು ಕೊಟ್ಟ ಶಿಕ್ಷೆ, ನಮ್ಮ ಪಾಪದ ಫಲ ಅಂದದ್ದು. ಲೂಕನ ಹದಿಮೂರನೇ ಅಧ್ಯಾಯದಲ್ಲಿ ಪಿಲಾತನು ಕೊಲ್ಲಿಸಿದ ಗಲಿಲಾಯದವರ ಸುದ್ದಿ ಬರುತ್ತದೆ, ಗೋಪುರ ಬಿದ್ದು ಸತ್ತ 18 ಮಂದಿಯ ಮಾತು ಬರುತ್ತದೆ. ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳೆಂದು ತಿಳಿದಿರಾ ಅಂತ ಕೇಳಿ ಯೇಸು ಅಲ್ಲ ಅನ್ನುತ್ತಾನೆ. ಹುಟ್ಟು ಕುರುಡನನ್ನು ತೋರಿಸಿ ಪಾಪ ಇವನದೋ ಹೆತ್ತವರದೋ ಅಂತ ಶಿಷ್ಯರು ಕೇಳಿದಾಗಲೂ ಇಬ್ಬರದೂ ಅಲ್ಲ ಅನ್ನುತ್ತಾನೆ. 1880ರಲ್ಲಿ ಕಂಕನಾಡಿಯಲ್ಲಿ ಮದ್ದು ಕೊಡಲು ಸುರುಮಾಡಿದ ಫಾದರ್ ಮುಲ್ಲರ್, ಊರು ಹೊರಗೆ ಹಾಕಿದ ಕುಷ್ಠರೋಗಿಗಳಿಗೂ ಆಸರೆ ಕಟ್ಟಿದರು. ಯೋಬನ ಗೆಳೆಯರು ಮಾತ್ರ ಬೂದಿಯಲ್ಲಿ ಕೂತ ಮನುಷ್ಯನಿಗೆ ಪುಟಗಟ್ಟಲೆ ದೈವಭಕ್ತಿ ಬೋಧಿಸಿದರು. ಕಥೆಯ ಕೊನೆಗೆ ದೇವರ ಕೋಪ ಆ ಬೋಧಕರ ಮೇಲೆ, ಯೋಬನ ಮೇಲಲ್ಲ.

ಒಳ್ಳೆಯ ವಾಕ್ಯದಿಂದಲೂ ಪೆಟ್ಟು ಬೀಳುತ್ತದೆ. ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ, ಆಳು ಒಡೆಯ, ಗಂಡು ಹೆಣ್ಣು ಅನ್ನುವ ಭೇದವಿಲ್ಲವೆಂದು ಪೌಲ ಗಲಾತ್ಯದವರಿಗೆ ಬರೆದ. ಅದು ಆಗಬೇಕಾದ್ದು. ಆಗಿಹೋಯಿತು ಅಂತ ಓದಿದರೆ ಏನಾಗುತ್ತದೆ? ನಿಮ್ಮ ಧರ್ಮದಲ್ಲಿ ಜಾತಿಯೇ ಇಲ್ಲ, ಹಾಗಾಗಿ ನೀವು ದಲಿತರೇ ಅಲ್ಲ! 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಹೊರಗೇ. ಮದ್ರಾಸಿನಲ್ಲಿ ರಸ್ತೆಬದಿ ಚಪ್ಪಲಿ ಹೊಲಿಯುವವರಿಗೆ ಸರಕಾರ ಗೂಡಂಗಡಿ ಹಂಚಿದಾಗ ಅದೇ ಕೆಲಸ ಮಾಡುವ ಒಬ್ಬ ಕ್ರೈಸ್ತನಿಗೆ ಸಿಗಲಿಲ್ಲ. ಮತಾಂತರದ ಆಮೇಲೂ ಅಷ್ಟೇ ತೂಕದ ತೊಂದರೆ ಉಳಿದಿದೆ ಅಂತ ತೋರಿಸಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿ ತಳ್ಳಿತು. ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಿದ ಗೋಡೆಯೊಂದಿದೆ. ಗಲಾತ್ಯದ ವಾಕ್ಯವನ್ನು ಆ ಗೋಡೆಗೆ ಯಾರೂ ಓದಿ ಹೇಳಿದ ಹಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಪೂರ್ತಿ ಓದಿದರೆ ಪುಸ್ತಕ ತಾನೇ ಶುದ್ಧವಾಗುತ್ತದೆ ಅಂತ ನಾವು ಹೇಳುತ್ತಿಲ್ಲ. ಪೇತ್ರನ ಮೊದಲ ಪತ್ರಿಕೆ ಕ್ರೂರಿ ಒಡೆಯನಿಗೂ ತಗ್ಗಿ ನಡೆ ಅಂತ ಆಳಿಗೇ ಹೇಳುತ್ತದೆ. ಹಿಂದೆ ಮುಂದೆ ಎಷ್ಟು ಓದಿದರೂ ಅದು ಮೇಲಕ್ಕೆ ತಿರುಗುವುದಿಲ್ಲ. ಅಲ್ಲಿ ಕ್ರೈಸ್ತ ಗೆಳೆಯರು ಸುತ್ತು ಬಳಸದೆ ಇದು ತಪ್ಪು ಅನ್ನುವ ಧೈರ್ಯ ಮಾಡಬೇಕು. ಹೆಂಡತಿಯನ್ನು ಬಿಟ್ಟುಬಿಡಲು ಮೋಶೆ ಅಪ್ಪಣೆ ಕೊಟ್ಟದ್ದು ನಿಮ್ಮ ಕಲ್ಲುಮನಸ್ಸಿಗಾಗಿ, ಮೊದಲಿಂದ ಹಾಗಿರಲಿಲ್ಲ ಅಂತ ಅವರ ಯೇಸುವೇ ಹೇಳಿದ್ದುಂಟಲ್ಲ.

ಇದನ್ನು ತಲೆಕೆಳಗು ಮಾಡುವವರೂ ಇದ್ದಾರೆ. ಕೂಲಿ ಹಿಡಿದಿಟ್ಟುಕೊಂಡ ಕ್ರೈಸ್ತ ಧಣಿಗೆ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ತೋರಿಸಿ ನೋಡಿ. ಹೊಲ ಕೊಯ್ದವರ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತಿದೆ ಅನ್ನುವ ಮಾತು ಅಲ್ಲಿದೆ. ನನ್ನನ್ನು ಖಂಡಿಸಲು ಸತ್ಯವೇದವನ್ನು ದುರುಪಯೋಗ ಮಾಡುತ್ತೀರಿ ಅಂತ ಆತ ಮುಖ ಕೆಂಪು ಮಾಡುತ್ತಾನೆ. ಇಲ್ಲ ಸ್ವಾಮಿ, ಆ ವಾಕ್ಯ ಬಂದದ್ದು ಸರಿಯಾದ ವಿಳಾಸಕ್ಕೆ. ವಾಕ್ಯ ಕಠಿಣವಾಗಿದೆಯೋ ಮೆತ್ತಗಿದೆಯೋ ಅನ್ನುವುದು ಪ್ರಶ್ನೆಯಲ್ಲ. ಯಾರಿಗೆ ಬರೆದದ್ದು, ಈಗ ಯಾರ ಮೇಲೆ ಬೀಳುತ್ತಿದೆ, ಓದುವವನು ಅದರ ಪಾಲನ್ನು ತಾನೂ ಹೊರುತ್ತಾನೋ ಇಲ್ಲವೋ, ಅಷ್ಟು ನೋಡಿದರೆ ತಿಳಿಯುತ್ತದೆ.

ಮತ್ತೊಮ್ಮೆ ಆ ಜಗಲಿಗೆ ಹೋದಾಗ ಕೊರಿಂಥದ ಅಧ್ಯಾಯದ ಮಾತೆತ್ತಿದೆವು. ಅಕ್ಕ ಹೊಗೆಸೊಪ್ಪಿನ ಪುಡಿ ಅಂಟಿದ ಕೈ ತೊಳೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತಾಯಿಯ ಸತ್ಯವೇದ ತಂದರು. ನಾವು ಓದುತ್ತಿದ್ದೆವು. ಅರ್ಧದಲ್ಲಿ ಪುಸ್ತಕ ಈಚೆ ಎಳೆದುಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ತಾವೇ ಓದಿದರು. ಹಸಿದವನ ಮಾತು ಬಂದಲ್ಲಿ ನಿಂತರು. 'ಇದು ಅವರ ಬಗ್ಗೆ ಅಲ್ವಾ ಮಾಸ್ಟ್ರೇ ಬರೆದದ್ದು?' ಅಂದರು. ಹೌದು ಅಂದೆವು. ತುಸು ಹೊತ್ತು ಮಾತಾಡಲಿಲ್ಲ. ಬ್ರಾಂಚಿಗೆ ಬೀಡಿ ಕೊಡುವ ಹೊತ್ತಾಗಿತ್ತು. ಒಂದು ಬೀಡಿ ಎಲೆಯ ಚೂರನ್ನು ಆ ಪುಟಕ್ಕೆ ಗುರುತು ಇಟ್ಟು, ಭಾನುವಾರ ಈ ಪುಟವನ್ನು ಹಿರಿಯರ ಕೈಯಿಂದಲೇ ಓದಿಸಬೇಕು, ಸ್ಮಶಾನದ ಜಾಗದ ಪ್ರಶ್ನೆ ಹಾಗೇ ಬಾಕಿ ಉಂಟು, ಅದನ್ನೂ ಕೇಳಬೇಕು ಅನ್ನುತ್ತ ಬುಟ್ಟಿ ಎತ್ತಿಕೊಂಡು ಹೊರಟರು.