ಅಕ್ಷರಾರಂಭವೂ ಅಧ್ಯಯನಕ್ರಮವೂ



ವಿಜಯದಶಮಿಯು ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಅವತಾರದಿನ. ನಮ್ಮ ಮಕ್ಕಳ ಅಕ್ಷರಾರಂಭಕ್ಕೂ ಅದೇ ಪ್ರಶಸ್ತವಾದ ದಿನ. ಅಂದು ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಯಿಸುತ್ತೇವೆ. ಮರುದಿನದಿಂದ ಆ ಮಗುವನ್ನು ಉಡುಪಿಯದೋ ಮಣಿಪಾಲದ್ದೋ ಕಾರ್ಕಳದ್ದೋ ಶಾಲೆಗೆ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣನೀತಿಯು ಭಾರತೀಯ ಜ್ಞಾನಪರಂಪರೆಯನ್ನು ಪಾಠಗಳೊಳಗೆ ತರಬೇಕೆಂದು ಹೇಳಿತು. ಸಂತೋಷವೇ. ಆದರೆ ತರಬೇಕಾದುದು ಯಾವುದು? ನಾಲ್ಕು ಶ್ಲೋಕಗಳೇ, ಅಥವಾ ಶ್ಲೋಕವನ್ನು ಕಲಿಸುತ್ತಿದ್ದ ಕ್ರಮವೇ?

ಪಾಠಶಾಲೆಯ ಸಂತೆಯನ್ನು ನೋಡಿ. ಗುರುಗಳು ಒಮ್ಮೆ ಹೇಳುತ್ತಾರೆ, ಶಿಷ್ಯರು ಎರಡಾವರ್ತಿ ಹೇಳುತ್ತಾರೆ. ಸ್ವರ ತಪ್ಪಿದರೆ ಅಲ್ಲಿಯೇ ತಡೆ. ತಪ್ಪು ವರ್ಷಾಂತ್ಯದ ಪರೀಕ್ಷೆಯವರೆಗೆ ಬೆಳೆಯಲು ಅವಕಾಶವಿಲ್ಲ. ಸಂಹಿತೆ ಬಂದ ಮೇಲೆ ಪದ, ಆಮೇಲೆ ಕ್ರಮ: ಮೊದಲನೆಯ ಪದಕ್ಕೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು ಎಂದು ಕೊಂಡಿ ಹಾಕುತ್ತ ಸಾಗುವುದು. ಜಟೆಯಲ್ಲಿ ಅದೇ ಜೋಡಿಯನ್ನು ನೇರವಾಗಿ, ತಿರುಗಿಸಿ, ಮತ್ತೆ ನೇರವಾಗಿ ಹೇಳಬೇಕು. ಒಂದು ಅಕ್ಷರ ಜಾರಿದರೂ ಕೊಂಡಿ ಕಳಚುತ್ತದೆ. ಮುಖದಿಂದ ಮುಖಕ್ಕೆ ವೇದವನ್ನು ಕಾಪಾಡಿದ ಈ ಪರಂಪರೆಯನ್ನು ಯುನೆಸ್ಕೋ ಸಂಸ್ಥೆಯು 2003ರಲ್ಲಿ ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಘೋಷಿಸಿತು. ಇದು ಬರಿಯ ಉರು ಹೊಡೆಯುವಿಕೆ ಎನ್ನುವವರು ಜಟೆಯ ಒಂದು ವಾಕ್ಯವನ್ನು ತಾವೇ ಹೇಳಿ ನೋಡಲಿ.

ಹಾಗೆಂದು ಕಂಠಪಾಠವೇ ಸರ್ವಸ್ವವಲ್ಲ. ಶ್ರವಣದ ಬಳಿಕ ಮನನವುಂಟು. ಮನನವೆಂದರೆ ಸಂಶಯವನ್ನೆತ್ತಿ ಪರಿಹರಿಸಿಕೊಳ್ಳುವುದು. ಪಾಜಕದಲ್ಲಿ ತಂದೆ ಮಧ್ಯಗೇಹಭಟ್ಟರು ಅಕ್ಷರ ಬರೆಯಿಸುವಾಗ, ನಿನ್ನೆ ಬರೆದುದನ್ನೇ ಇಂದೂ ಬರೆಯುವುದೇಕೆಂದು ಬಾಲಕ ವಾಸುದೇವನು ಕೇಳಿದುದನ್ನು ಸುಮಧ್ವವಿಜಯವು ವರ್ಣಿಸುತ್ತದೆ. ತಂದೆಯ ಪುರಾಣಪ್ರವಚನದಲ್ಲಿ ಲಿಕುಚ ಎಂಬ ಮರದ ಹೆಸರಿಗೆ ಅರ್ಥ ಹೇಳದೆ ಬಿಟ್ಟುಹೋದಾಗಲೂ ಬಾಲಕನು ಸಭೆಯಲ್ಲಿಯೇ ಪ್ರಶ್ನಿಸಿದನು. ಅವತಾರಪುರುಷರ ಲೀಲೆಯನ್ನು ನಮ್ಮ ಮಕ್ಕಳಿಗೆ ಹೋಲಿಸುವುದು ಸಲ್ಲದು. ಆದರೂ ಪ್ರಶ್ನೆಯನ್ನು ಅವಿನಯವೆಂದು ಭಾವಿಸುವ ಹಿರಿಯರು ಈ ಪ್ರಸಂಗಗಳನ್ನು ಸ್ಮರಿಸಿದರೆ ಒಳಿತು. ವಾಕ್ಯಾರ್ಥಸಭೆಯಲ್ಲಿ ಪೂರ್ವಪಕ್ಷವನ್ನು ಎದುರಾಳಿಯೂ ಒಪ್ಪುವಂತೆ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಬೆಲೆ. ಪಾಠಶಾಲೆಯಿಂದ ಕಾಲೇಜಿಗೆ ಹೋದ ನನಗೆ ಅಲ್ಲಿ ಈ ಅಭ್ಯಾಸದಷ್ಟು ಉಪಕರಿಸಿದುದು ಬೇರೊಂದಿಲ್ಲ.

ಉಡುಪಿಗೆ ಈ ಎರಡು ವಿದ್ಯೆಗಳ ಸಂಗಮ ಹೊಸತಲ್ಲ. 1960ರಲ್ಲಿ ಪೂರ್ಣಪ್ರಜ್ಞ ಕಾಲೇಜನ್ನು ಸ್ಥಾಪಿಸಿದವರು ಅದಮಾರು ಮಠದ ಶ್ರೀ ವಿಬುಧೇಶತೀರ್ಥ ಶ್ರೀಪಾದರು, ಓರ್ವ ಯತಿವರೇಣ್ಯರು. ಭೌತವಿಜ್ಞಾನವನ್ನು ಕಲಿತರೆ ಸಿದ್ಧಾಂತ ಕೆಡುವುದೆಂಬ ಭಯ ಅವರಿಗಿರಲಿಲ್ಲ. ಈಗಿನ ಭಯ ಬೇರೆ: ಶಾಲೆಯ ಪುಸ್ತಕದಲ್ಲಿ ಪರಂಪರೆಯು ಎರಡು ಅಂಕಗಳ ಪ್ರಶ್ನೆಯಾಗಿ ಕುಳಿತು, ಕ್ರಮವು ಹೊರಗೇ ಉಳಿದೀತೆಂಬುದು.

ಹಳೆಯದೆಲ್ಲವನ್ನೂ ಹೊತ್ತು ತರಬೇಕಾಗಿಲ್ಲ. ನಮ್ಮ ಪಾಠಶಾಲೆಯ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನವಿರಲಿಲ್ಲ. ಆದರೆ ಶ್ರೀ ವಾದಿರಾಜ ಗುರುಸಾರ್ವಭೌಮರ ಲಕ್ಷ್ಮೀಶೋಭಾನವನ್ನು ಆದ್ಯಂತವಾಗಿ ಬಾಯಲ್ಲಿ ಉಳಿಸಿದವರು ಅಕ್ಷರವರಿಯದ ನಮ್ಮ ಅಜ್ಜಿಯಂದಿರು; ಒಬ್ಬಳು ಹೇಳುವುದು, ಉಳಿದವರು ಮರಳಿ ಹಾಡುವುದು. ಅದೂ ಸಂತೆಯೇ ಅಲ್ಲವೇ? ಈ ವಿಜಯದಶಮಿಗೆ ಅಕ್ಷರಾರಂಭಕ್ಕೆ ಬರುವವರು ಮಗಳನ್ನೂ ಮಗನ ಪಕ್ಕದಲ್ಲಿಯೇ ಕುಳ್ಳಿರಿಸಿ. ಮರುದಿನ ಸಂಧ್ಯಾಕಾಲದಲ್ಲಿ ದೇವರ ದೀಪದ ಮುಂದೆ ತಾವು ಒಮ್ಮೆ ಹೇಳಿ, ಇಬ್ಬರಿಂದಲೂ ಎರಡಾವರ್ತಿ ಹೇಳಿಸಿ.